ಸೊನ್ನೆಯಿಂದ ಏಳರವರೆಗೆ

ಒಂದೇ ಡಿಸ್ಕು ಏಳಾಗಿ ಕಾಣಿಸಿಕೊಂಡುದನ್ನು ನಾವು ಒಮ್ಮೆ ಕಣ್ಣಾರೆ ನೋಡಿದ್ದೇವೆ. ದಾಖಲೆಗಳಲ್ಲಿ ರವೀಂದ್ರನಾಥ ಠಾಗೋರ್ ನಗರವೆಂದೂ ಬಸ್ಸಿನ ಫಲಕದಲ್ಲಿ ಆರ್. ಟಿ. ನಗರವೆಂದೂ ಕರೆಯಿಸಿಕೊಳ್ಳುವ ಬೆಂಗಳೂರಿನ ಬಡಾವಣೆಯಲ್ಲಿ ಒಂದು ಸಣ್ಣ ಕಾರ್ಯಾಲಯವಿದ್ದಿತು. 1990ರ ದಶಕದ ಕೊನೆಯ ವರ್ಷಗಳ ಮಾತು. ಹಲವು ಊರುಗಳ ಮಳೆಯ ಪ್ರಮಾಣವನ್ನೂ ಬಾವಿಗಳ ನೀರಿನ ಮಟ್ಟವನ್ನೂ ದಿನದಿನವೂ ಅಳೆದು ಬರೆದ ಲೆಕ್ಕ ಅಲ್ಲಿ ಮೂರು ಹಳೆಯ ಟೇಪುಗಳಲ್ಲಿ ಇದ್ದಿತು. ಟೇಪುಗಳಿಗೆ ವಯಸ್ಸಾಗುತ್ತಿದ್ದುದರಿಂದ ಅವುಗಳಲ್ಲಿದ್ದುದನ್ನು ಡಿಸ್ಕಿಗೆ ಇಳಿಸಬೇಕೆಂದು ಆ ಕಾರ್ಯಾಲಯದವರು ನಿಶ್ಚಯಿಸಿ, ಬೇರೊಬ್ಬರು ಬಳಸಿ ಬಿಟ್ಟಿದ್ದ ಒಂದು ಡಿಸ್ಕನ್ನು ಕೊಂಡುತಂದರು. ಅದನ್ನು ಅವರ ವರ್ಕ್‌ಸ್ಟೇಷನ್ನಿಗೆ ಜೋಡಿಸಿಕೊಡುವ ಕೆಲಸ ನಮ್ಮ ಪಾಲಿಗೆ ಬಂದಿತು.

ಜೋಡಿಸಿದೆವು, ಯಂತ್ರವನ್ನು ಚಾಲೂ ಮಾಡಿದೆವು. ತೆರೆಯ ಮೇಲೆ ಹೊಸ ಡಿಸ್ಕಿನ ಹೆಸರು ಮೂಡಿತು. ಅದರ ಕೆಳಗೆ ಅದೇ ಹೆಸರು, ಅದೇ ಅಳತೆ. ಅದರ ಕೆಳಗೆ ಮತ್ತೊಮ್ಮೆ ಅದೇ. ಎಣಿಸಿ ನೋಡಿದರೆ ಏಳು ಡಿಸ್ಕುಗಳು! ಪೆಟ್ಟಿಗೆಯೊಳಗೆ ಒಂದಕ್ಕಿಂತ ಹೆಚ್ಚು ಡಿಸ್ಕು ಇರಬಹುದೆಂದು ಕಾರ್ಯಾಲಯದ ಹಿರಿಯರು ಹಿಗ್ಗಿದರು. ನಮಗೆ ಅನುಮಾನವೇನೋ ಬಂದಿತು. ಆದರೆ ಹೊತ್ತಾಗಿದ್ದಿತು, ಮರುದಿನ ನೋಡೋಣವೆಂದು ಹೊರಟುಬಂದೆವು. ಅದು ನಮ್ಮ ತಪ್ಪು. ಆ ರಾತ್ರಿ ಅಲ್ಲಿನ ಉತ್ಸಾಹಿಯೊಬ್ಬರು ಟೇಪುಗಳ ಲೆಕ್ಕವನ್ನೆಲ್ಲ ‘ಮೊದಲನೆಯ’ ಡಿಸ್ಕಿಗೆ ಇಳಿಸಿದರು. ಇನ್ನೊಂದು ಪ್ರತಿ ಇದ್ದರೆ ಕ್ಷೇಮವೆಂದು ಯೋಚಿಸಿ, ‘ಎರಡನೆಯ’ ಡಿಸ್ಕನ್ನು ಒರೆಸಿ ಸಿದ್ಧಮಾಡಿದರು. ಬೆಳಗ್ಗೆ ನೋಡಿದರೆ ಮೊದಲನೆಯದು ಬರಿದು.

ಈ ಏಳು ಡಿಸ್ಕುಗಳ ಸೋಜಿಗಕ್ಕೆ ಕಾರಣ ಆ ಡಿಸ್ಕಿನ ಹಿಂಬದಿಯಲ್ಲಿದ್ದ, ಅಕ್ಕಿಯ ಕಾಳಿಗಿಂತ ತುಸು ದೊಡ್ಡದಾದ, ಮೂರು ಲೋಹದ ಕೊಂಡಿಗಳು. ಆ ಕಥೆಗೆ ಮತ್ತೆ ಬರುವೆವು. ಅದಕ್ಕೆ ಮೊದಲು, ಗಣಕಯಂತ್ರವು ತನ್ನ ಡಿಸ್ಕುಗಳನ್ನು ಹೇಗೆ ಗುರುತಿಸುವುದೆಂಬುದನ್ನು ವಾಚಕರು ತಿಳಿಯುವುದು ಅವಶ್ಯಕ.

ಒಂದು ಕಾಗದದ ಮೇಲೆ ‘12, 2ನೇ ಅಡ್ಡರಸ್ತೆ, ಬೆಂಗಳೂರು’ ಎಂದಷ್ಟೇ ಬರೆದು ಅಂಚೆಗೆ ಹಾಕಿದರೆ ಅದು ಯಾರಿಗೆ ತಲುಪೀತು? ಎರಡನೆಯ ಅಡ್ಡರಸ್ತೆಯಿಲ್ಲದ ಬಡಾವಣೆಯೇ ಈ ನಗರದಲ್ಲಿ ಅಪರೂಪ. ಆರ್. ಟಿ. ನಗರವೆಂದು ಸೇರಿಸಿ 560032 ಎಂದು ಬರೆದರೆ ಕಾಗದ ಒಂದು ಕಡೆಗೆ ಹೋಗುವುದು. ಯಲಹಂಕವೆಂದು 560064 ಬರೆದರೆ ಇನ್ನೊಂದು ಕಡೆಗೆ. ಹೆಬ್ಬಾಳದ 560024, ಯಶವಂತಪುರದ 560022 ಬೇರೆ ಬೇರೆ ಕಡೆಗೆ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಈ ಪಿನ್ ಸಂಖ್ಯೆಯ ಗುಣವೇನೆಂದರೆ, ಕಡೆಯ ಮೂರು ಅಂಕಿಗಳಿಗೆ ತಾವಾಗಿ ಅರ್ಥವಿಲ್ಲ. ಮೊದಲಿನ ಮೂರು ಅಂಕಿಗಳು ಹೇಳುವ ಪ್ರದೇಶದೊಳಗೆ ಮಾತ್ರ ಅವು ಅಂಚೆ ಕಚೇರಿಯನ್ನು ತೋರಿಸುವುವು. ಗಣಕದೊಳಗಿನ ಡಿಸ್ಕಿನ ಸಂಖ್ಯೆಯೂ ಇಂತಹದೇ. ‘ಮೂರನೆಯ ಡಿಸ್ಕು’ ಎಂಬುದು ಒಂದು ತಂತಿಯ ಮೇಲೆ ಮೂರನೆಯದೇ ಹೊರತು ಲೋಕಕ್ಕೆಲ್ಲ ಮೂರನೆಯದಲ್ಲ. ಸನ್ ಸಂಸ್ಥೆಯ ಸೊಲಾರಿಸ್ ಎಂಬ ವ್ಯವಸ್ಥೆಯಲ್ಲಿ ಡಿಸ್ಕಿನ ಹೆಸರನ್ನು ‘ಸಿ0 ಟಿ3 ಡಿ0 ಎಸ್0’ ಎಂದು ಬರೆಯುತ್ತಿದ್ದರು: ಸೊನ್ನೆಯ ಅಡಾಪ್ಟರು, ಅದರ ತಂತಿಯಲ್ಲಿ ಮೂರನೆಯ ಸಾಧನ, ಅದರೊಳಗೆ ಸೊನ್ನೆಯ ಡಿಸ್ಕು, ಆ ಡಿಸ್ಕಿನ ಸೊನ್ನೆಯ ಭಾಗ. ಬಡಾವಣೆ, ರಸ್ತೆ, ಮನೆ, ಕೋಣೆ ಎಂದು ಓದಿಕೊಂಡರೆ ಅದು ಅಂಚೆಯ ವಿಳಾಸವೇ ಸರಿ.

ಆದರೆ ಇಲ್ಲಿ ಒಂದು ವಿಶೇಷವಿದೆ. ಮನೆಯ ಸಂಖ್ಯೆ 7 ಆದ ಮಾತ್ರಕ್ಕೆ ಆ ಮನೆಯವರಿಗೆ ನಲ್ಲಿಯಲ್ಲಿ ಮೊದಲು ನೀರು ಬರುವುದಿಲ್ಲ. ನಾವು ಹೇಳಹೊರಟಿರುವ ತಂತಿಯಲ್ಲಿಯಾದರೋ ಸಂಖ್ಯೆಯೇ ಸರದಿಯನ್ನೂ ನಿರ್ಣಯಿಸುವುದು. ಅದು ವಿಳಾಸವೂ ಹೌದು, ಅಂತಸ್ತೂ ಹೌದು. ಈ ಎರಡನ್ನೂ ಒಂದೇ ಅಂಕಿಗೆ ಹೇಗೆ ಕಟ್ಟಿದರೆಂಬುದು ಕುತೂಹಲದ ಸಂಗತಿ.

ಹಿಂದೆ ಹಾಗಿರಲಿಲ್ಲ. ಯಶವಂತಪುರದ ರೈಲ್ವೆ ನಿಲ್ದಾಣಕ್ಕೆ ಅನತಿದೂರದಲ್ಲಿ, ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅಲ್ಲಿ 1970ರಲ್ಲಿ ಗಣಕ ಕೇಂದ್ರವೊಂದು ಆರಂಭವಾದಾಗ ಅದರ ಯಂತ್ರ ಐಬಿಎಂ 360 ಕುಟುಂಬದ 44ನೆಯ ಮಾದರಿ. ಆ ಕುಟುಂಬದ ಯಂತ್ರಗಳಲ್ಲಿ ಪ್ರತಿಯೊಂದು ಸಾಧನಕ್ಕೂ ಮೂರು ಅಕ್ಷರದ ವಿಳಾಸವಿರುತ್ತಿದ್ದಿತು. ಮೊದಲನೆಯದು ಯಾವ ‘ಚಾನೆಲ್’ ಎಂಬುದನ್ನೂ, ಎರಡನೆಯದು ಆ ಚಾನೆಲ್ಲಿನ ಯಾವ ನಿಯಂತ್ರಣ ಪೆಟ್ಟಿಗೆ ಎಂಬುದನ್ನೂ, ಮೂರನೆಯದು ಆ ಪೆಟ್ಟಿಗೆಗೆ ಸೇರಿದ ಯಾವ ಸಾಧನ ಎಂಬುದನ್ನೂ ಸೂಚಿಸುತ್ತಿದ್ದುವು. ಹದಿನಾರರ ಮಾನದ ಎಣಿಕೆಯಾದುದರಿಂದ ಒಂಬತ್ತಾದ ಮೇಲೆ ಎ, ಬಿ, ಸಿ ಎಂದು ಅಕ್ಷರಗಳು ಬರುತ್ತಿದ್ದುವು. ಕಾರ್ಡು ಓದುವ ಯಂತ್ರಕ್ಕೆ ‘00ಸಿ’ ಎಂದೂ, ಮುದ್ರಣಯಂತ್ರಕ್ಕೆ ‘00ಇ’ ಎಂದೂ ವಿಳಾಸ ಕೊಡುವುದು ಆ ಕುಟುಂಬದ ಯಂತ್ರಗಳಲ್ಲಿ ರೂಢಿ.

ಅಲ್ಲಿ ವಿಳಾಸವು ವಿಳಾಸವಷ್ಟೆ. ಸರದಿಯನ್ನು ನಿರ್ಣಯಿಸುತ್ತಿದ್ದುದು ಕೇಬಲ್ಲಿನ ಮೇಲೆ ಪೆಟ್ಟಿಗೆ ಇದ್ದ ಸ್ಥಳ. ಪಂಕ್ತಿಯಲ್ಲಿ ಊಟಕ್ಕೆ ಕುಳಿತಾಗ ತುಪ್ಪದ ಗಿಂಡಿ ಮೊದಲ ಎಲೆಯಿಂದ ಹೊರಡುವುದಷ್ಟೆ? ಹಾಗೆಯೇ ‘ಯಾರಿಗೆ ಬೇಕು?’ ಎಂಬ ಸಂಕೇತ ಮುಖ್ಯಯಂತ್ರದಿಂದ ಹೊರಟು ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹಾಯುತ್ತಿದ್ದಿತು. ಬೇಡವಾದವನು ಅದನ್ನು ಮುಂದಕ್ಕೆ ಬಿಡುವನು. ಬೇಕಾದವನು ಹಿಡಿದು ನಿಲ್ಲಿಸುವನು. ಹಿಂದೆ ಕುಳಿತವನು ಕಾಯಬೇಕು. ಸರದಿಯನ್ನು ಬದಲಾಯಿಸಬೇಕಾದರೆ ಭಾರವಾದ ಕೇಬಲ್ಲುಗಳನ್ನು ಬಿಚ್ಚಿ ಬೇರೆ ಕ್ರಮದಲ್ಲಿ ಕಟ್ಟಬೇಕಾಗಬಹುದು.

1980ರ ದಶಕದ ಆದಿಯಲ್ಲಿ ಅದೇ ಸಂಸ್ಥೆಗೆ ಡಿಇಸಿ ಕಂಪನಿಯ ಡೆಕ್-10 ಯಂತ್ರ ಬಂದಿತು. ಆ ಕಾಲದ ಡಿಇಸಿ ಕಂಪನಿಯ ದೊಡ್ಡ ಡಿಸ್ಕು ಯಂತ್ರಗಳಲ್ಲಿ, ಉದಾಹರಣೆಗೆ ಬಟ್ಟೆ ಒಗೆಯುವ ಯಂತ್ರದಂತೆ ನೆಲದ ಮೇಲೆ ನಿಲ್ಲುತ್ತಿದ್ದ ಆರ್‌ಪಿ06ರಲ್ಲಿ, ಸಂಖ್ಯೆಯನ್ನು ಕೊಡುವ ಬಗೆ ನಮಗೆ ಬಲು ಮೆಚ್ಚಿಗೆ. ಯಂತ್ರದ ಮುಖದಲ್ಲಿಯೇ ಒಂದು ಗುಳಿ. ಅದಕ್ಕೆ ಸಿಕ್ಕಿಸಲು 0, 1, 2 ಎಂದು ಅಂಕಿ ಕೆತ್ತಿದ ಬಿರಡೆಗಳು. ಯಾವ ಬಿರಡೆ ಸಿಕ್ಕಿಸಿದೆಯೋ ಅದೇ ಆ ಡಿಸ್ಕಿನ ಸಂಖ್ಯೆ. 1ನೆಯ ಯಂತ್ರ ಕೆಟ್ಟಿತೆನ್ನಿ: ಅದರೊಳಗಿನ ತಟ್ಟೆಗಳ ಕಟ್ಟನ್ನು ಎತ್ತಿ ಬೇರೊಂದು ಯಂತ್ರದಲ್ಲಿಟ್ಟು, ಬಿರಡೆಯನ್ನೂ ಕಿತ್ತು ಅದಕ್ಕೆ ಸಿಕ್ಕಿಸಿದರೆ ಮುಗಿಯಿತು. ಮನೆ ಬದಲಾಯಿಸುವಾಗ ಬಾಗಿಲ ಮೇಲಿನ ಸಂಖ್ಯೆಯ ಫಲಕವನ್ನೂ ಜೊತೆಗೆ ಒಯ್ದಂತೆ.

ಇಷ್ಟರಲ್ಲಿ ಗಣಕಗಳು ಮೇಜಿನ ಮೇಲೆ ಬಂದುವು. ಅಮೆರಿಕದ ಷುಗಾರ್ಟ್ ಅಸೋಸಿಯೇಟ್ಸ್ ಎಂಬ ಡಿಸ್ಕು ತಯಾರಕರು ತಮ್ಮ ಸಾಧನಗಳಿಗಾಗಿ ಒಂದು ಸರಳವಾದ ಜೋಡಣೆಯ ಕ್ರಮವನ್ನು ರೂಪಿಸಿದ್ದರು. ಅದು ಬೆಳೆದು, 1986ರಲ್ಲಿ ಆ ದೇಶದ ಮಾನಕ ಸಂಸ್ಥೆಯ ಒಪ್ಪಿಗೆ ಪಡೆದು, ‘ಸ್ಮಾಲ್ ಕಂಪ್ಯೂಟರ್ ಸಿಸ್ಟಮ್ ಇಂಟರ್‌ಫೇಸ್’ ಎಂಬ ಉದ್ದ ಹೆಸರನ್ನು ಹೊತ್ತಿತು. ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು ‘ಸ್ಕಸಿ’ ಎಂದು ಕರೆದರು. ಮುಂದಿನ ಹತ್ತು ಹನ್ನೆರಡು ವರ್ಷ ಸನ್, ಸಿಲಿಕಾನ್ ಗ್ರಾಫಿಕ್ಸ್, ಆಪಲ್ ಮೊದಲಾದವರ ಯಂತ್ರಗಳು ಬಹುಮಟ್ಟಿಗೆ ಈ ತಂತಿಯನ್ನೇ ನಂಬಿದ್ದುವು. ಆರ್. ಟಿ. ನಗರದ ಆ ಕಾರ್ಯಾಲಯದ ಯಂತ್ರದಲ್ಲಿದ್ದುದೂ ಇದೇ.

ಮೊದಲಿನ ಸ್ಕಸಿ ಕೇಬಲ್ಲಿನಲ್ಲಿ 50 ತಂತಿಗಳಿದ್ದುವು. ಅರ್ಧಕ್ಕಿಂತ ಹೆಚ್ಚು ತಂತಿಗಳು ಭೂಸಂಪರ್ಕಕ್ಕೂ ಇತರ ಉಪಯೋಗಕ್ಕೂ ಹೋದರೆ, ಸಂಕೇತ ಒಯ್ಯುವುವು 18. ಅವುಗಳಲ್ಲಿ ಎಂಟು ದತ್ತಾಂಶದ ತಂತಿಗಳು; ಒಂದು ತಪ್ಪು ಕಂಡುಹಿಡಿಯುವ ತಂತಿ; ಮಿಕ್ಕ ಒಂಬತ್ತು ನಿಯಂತ್ರಣದವು. ಇವು ಎಲ್ಲ ಸಾಧನಗಳಿಗೂ ಸಾಮಾನ್ಯ. ಆದುದರಿಂದ ಒಂದು ಹೊತ್ತಿನಲ್ಲಿ ಇಬ್ಬರು ಮಾತ್ರ ಮಾತನಾಡಬಹುದು. ಹಾಗಾದರೆ ನಾಲ್ವರಿಗೆ ಒಂದೇ ಸಲ ಮಾತನಾಡಬೇಕೆನಿಸಿದರೆ? ಹೆಬ್ಬಾಳದ ಮೇಲುಸೇತುವೆಯ ಬಳಿ ಸಂಜೆಯ ಹೊತ್ತು ನಾಲ್ಕು ಕಡೆಯ ವಾಹನಗಳು ಈ ಪ್ರಶ್ನೆಯನ್ನು ಹಾರ್ನಿನಿಂದ ಬಗೆಹರಿಸಿಕೊಳ್ಳಲು ಯತ್ನಿಸುವುದನ್ನು ವಾಚಕರು ಬಲ್ಲರು. ಸ್ಕಸಿ ತಂತಿಯಲ್ಲಿ ಪೊಲೀಸನೂ ಇಲ್ಲ, ಹಾರ್ನೂ ಇಲ್ಲ. ಅಲ್ಲಿ ಚುನಾವಣೆ ನಡೆಯುವುದು. ಅದೂ ಸೆಕೆಂಡಿನ ಲಕ್ಷಾಂಶಕ್ಕಿಂತ ಕಡಮೆ ಕಾಲದಲ್ಲಿ.

ಅದರ ರಹಸ್ಯ ಇಷ್ಟೆ. ಎಂಟು ದತ್ತಾಂಶ ತಂತಿಗಳಿಗೆ 0ಯಿಂದ 7ರವರೆಗೆ ಸಂಖ್ಯೆಗಳಿವೆ. ಸಾಧನಗಳಿಗೂ 0ಯಿಂದ 7ರವರೆಗೇ ಸಂಖ್ಯೆಗಳು. 3ನೆಯ ಸಾಧನಕ್ಕೆ 3ನೆಯ ತಂತಿಯೇ ಅದರ ಧ್ವಜ. ಈ ತಂತಿಗಳು ದೇವಸ್ಥಾನದ ಗಂಟೆಯ ಹಗ್ಗದಂತೆ: ಯಾರೂ ಎಳೆಯದಿದ್ದರೆ ಮೇಲೆ ನಿಲ್ಲುವುವು; ಒಬ್ಬನು ಎಳೆದರೂ ಕೆಳಗಿಳಿಯುವುವು, ಇಬ್ಬರು ಎಳೆದರೂ ಕೆಳಗಿಳಿಯುವುವು. ತಂತಿ ಬಿಡುವಾಗಿದೆಯೆಂದು ಕಂಡ ಸಾಧನವು ‘ನಿರತ’ ಎಂಬ ನಿಯಂತ್ರಣ ತಂತಿಯನ್ನು ಎಳೆಯುವುದರ ಜೊತೆಗೆ ತನ್ನ ಸಂಖ್ಯೆಯ ದತ್ತಾಂಶ ತಂತಿಯನ್ನೂ ಎಳೆಯುವುದು. ಬಳಿಕ ಸುಮಾರು 2.4 ಮೈಕ್ರೊಸೆಕೆಂಡು ಕಾದು ಎಂಟು ತಂತಿಗಳನ್ನೂ ನೋಡುವುದು. ತನಗಿಂತ ದೊಡ್ಡ ಸಂಖ್ಯೆಯ ತಂತಿ ಕೆಳಗಿದೆಯೆ? ಹಾಗಿದ್ದರೆ ಸದ್ದಿಲ್ಲದೆ ಹಿಂದೆ ಸರಿಯುವುದು. ಇಲ್ಲವೆ? ಹಾಗಿದ್ದರೆ ತಾನೇ ಗೆದ್ದಂತೆ.

1ನೆಯ ಡಿಸ್ಕು, 3ನೆಯ ಡಿಸ್ಕು, 4ನೆಯ ಟೇಪು ಈ ಮೂರೂ ಏಕಕಾಲಕ್ಕೆ ಎದ್ದುವೆನ್ನಿ. 1, 3, 4 ಈ ಮೂರು ತಂತಿಗಳು ಕೆಳಗಿಳಿಯುವುವು. 1 ಮತ್ತು 3 ತಮಗಿಂತ ಮೇಲಿನದನ್ನು ಕಂಡು ಸರಿಯುವುವು, 4 ಉಳಿಯುವುದು. ಪ್ರತಿಯೊಬ್ಬನೂ ತಾನೇ ಎಣಿಸಿ ತಾನೇ ಒಪ್ಪಿಕೊಳ್ಳುವ ಈ ಚುನಾವಣೆಗೆ ಅಧಿಕಾರಿ ಬೇಕಿಲ್ಲ. 2.4 ಮೈಕ್ರೊಸೆಕೆಂಡು ಏಕೆ ಕಾಯಬೇಕೆಂದು ಕೇಳಬಹುದು. ವಿದ್ಯುತ್ ಸಂಕೇತವು ಕೇಬಲ್ಲಿನಲ್ಲಿ ಒಂದು ಮೀಟರು ಹಾಯಲು ಹೆಚ್ಚು ಕಡಮೆ 5 ನ್ಯಾನೊಸೆಕೆಂಡು ಹಿಡಿಯುವುದು. ಈ ಕೇಬಲ್ಲಿಗೆ ವಿಧಿಸಿದ್ದ ಮಿತಿಯಾದ 6 ಮೀಟರಿಗೆ 30 ನ್ಯಾನೊಸೆಕೆಂಡು. ಅದಕ್ಕೆ ಎಂಬತ್ತು ಪಟ್ಟು ಕಾದರೆ ಒಂದು ತುದಿಯವನ ಎಳೆತ ಇನ್ನೊಂದು ತುದಿಯವನಿಗೆ ಕಾಣದಿರುವ ಸಂಭವವೇ ಇಲ್ಲ. ನಿಧಾನವಾಗಿ ಎಚ್ಚರಗೊಳ್ಳುವ ಸಾಧನಗಳಿಗೂ ಸಮಯ ಸಿಗುವುದು.

ಗೆದ್ದ ಮೇಲೆ ಗೆದ್ದವನು ತನಗೆ ಯಾರೊಡನೆ ಕೆಲಸವಿದೆಯೆಂದು ಹೇಳಬೇಕಷ್ಟೆ. ಆಗ ಅವನು ಎರಡು ತಂತಿಗಳನ್ನು ಎಳೆದು ಹಿಡಿಯುವನು: ಒಂದು ತನ್ನ ಸಂಖ್ಯೆಯದು, ಇನ್ನೊಂದು ಕರೆಯಬೇಕಾದವನದು. ಇತರರೆಲ್ಲರೂ ನೋಡುವರು. ತನ್ನ ಸಂಖ್ಯೆಯ ತಂತಿ ಕೆಳಗಿದೆಯೆಂದು ಕಂಡವನು ‘ಇದ್ದೇನೆ’ ಎಂದು ಉತ್ತರ ಕೊಡುವನು. ತನ್ನ ಸಂಖ್ಯೆಯನ್ನೂ ಏಕೆ ತೋರಿಸಬೇಕೆಂದರೆ, ಕರೆದವನು ಯಾರೆಂದು ಕರೆಯಿಸಿಕೊಂಡವನಿಗೆ ತಿಳಿದಿದ್ದರೆ ಮುಂದೆ ಉಪಯೋಗವಿದೆ. ಡಿಸ್ಕಿಗೆ ಬೇಕಾದ ಜಾಗವನ್ನು ಹುಡುಕಲು ಹಲವು ಮಿಲಿಸೆಕೆಂಡು ಹಿಡಿಯುವುದು. ಅಷ್ಟು ಹೊತ್ತು ತಂತಿಯನ್ನು ಹಿಡಿದುಕೊಂಡಿರದೆ ಬಿಟ್ಟುಕೊಟ್ಟು, ಸಿದ್ಧವಾದ ಮೇಲೆ ತಾನೇ ಚುನಾವಣೆಗೆ ನಿಂತು ಗೆದ್ದು, ಕರೆದವನನ್ನು ಮತ್ತೆ ಕರೆಯಲು ಡಿಸ್ಕಿಗೂ ಅಧಿಕಾರವಿದೆ.

ಇಲ್ಲಿಗೆ ಏಳು ಡಿಸ್ಕುಗಳ ಗುಟ್ಟು ಹೊರಬಿದ್ದಂತಾಯಿತು. ಸೂಕ್ಷ್ಮಬುದ್ಧಿಯ ವಾಚಕರು ಈಗಾಗಲೇ ಊಹಿಸಿರಬಹುದು. ಗಣಕದ ಕಡೆಯ ಅಡಾಪ್ಟರಿಗೆ ರೂಢಿಯಾಗಿ 7ನೆಯ ಸಂಖ್ಯೆ. ಅದೇ ಅತ್ಯುನ್ನತ ಸ್ಥಾನ. ನಾವು ಜೋಡಿಸಿದ ಡಿಸ್ಕಿಗೂ ಹಿಂದಿನ ಒಡೆಯರು ಯಾವ ಕಾರಣಕ್ಕೋ 7ನ್ನೇ ಕೊಟ್ಟಿದ್ದರು. ಯಂತ್ರ ಎಚ್ಚತ್ತೊಡನೆ ಅಡಾಪ್ಟರು ‘0 ಇದ್ದೀಯಾ?’ ಎಂದು ಕೇಳಲು 7 ಮತ್ತು 0ಯ ತಂತಿಗಳನ್ನು ಎಳೆಯಿತು. 0 ಎಂಬ ಸಾಧನ ಅಲ್ಲಿರಲಿಲ್ಲ. ಆದರೆ ನಮ್ಮ ಡಿಸ್ಕು ನೋಡಿದಾಗ 7ರ ತಂತಿ ಕೆಳಗಿದ್ದಿತು. ಅಡಾಪ್ಟರಿನ ಸಹಿಯನ್ನೇ ತನಗೆ ಬಂದ ಕರೆಯೆಂದು ಅದು ತಿಳಿದು ‘ಇದ್ದೇನೆ’ ಎಂದಿತು. ‘1 ಇದ್ದೀಯಾ?’ ಎಂದಾಗಲೂ ಇದ್ದೇನೆ, ‘2 ಇದ್ದೀಯಾ?’ ಎಂದಾಗಲೂ ಇದ್ದೇನೆ. ಹೀಗೆ 0ಯಿಂದ 6ರವರೆಗೆ ಏಳು ಕರೆಗಳಿಗೂ ಓಗೊಟ್ಟು ಏಳು ಡಿಸ್ಕುಗಳ ಪಟ್ಟಿಯಾಯಿತು. ಆ ಅಡಾಪ್ಟರು ಸಾಧನಗಳಿಗೆ ನಡುವೆ ತಂತಿ ಬಿಟ್ಟುಹೋಗುವ ಅನುಮತಿಯನ್ನು ಕೊಟ್ಟಿದ್ದರೆ, ಡಿಸ್ಕು ತನ್ನನ್ನು ತಾನೇ ಕರೆಯಹೋಗಿ ಎಲ್ಲವೂ ಆಗಲೇ ನಿಂತುಹೋಗುತ್ತಿದ್ದಿತು. ನಮಗೆ ತಪ್ಪು ತಿಳಿಯುತ್ತಿದ್ದಿತು. ದುರದೃಷ್ಟಕ್ಕೆ ಅದು ಕೊಟ್ಟಿರಲಿಲ್ಲ. ಓದುವುದು, ಬರೆಯುವುದು ಎಲ್ಲವೂ ಸರಾಗವಾಗಿ ನಡೆದುವು.

ಇಬ್ಬರು ಸಾಧನಗಳಿಗೆ, ಅಡಾಪ್ಟರನ್ನು ಬಿಟ್ಟು, ಒಂದೇ ಸಂಖ್ಯೆ ಬಿದ್ದರೆ ಪರಿಣಾಮ ಬೇರೆ. ಎರಡೂ ಒಟ್ಟಿಗೆ ಓಗೊಡುವುವು. ಎರಡೂ ತಮ್ಮ ತಮ್ಮ ದತ್ತಾಂಶವನ್ನು ಅದೇ ಎಂಟು ಹಗ್ಗಗಳ ಮೇಲೆ ಎಳೆಯುವುವು. ಒಂದರ ಮಾತು ಇನ್ನೊಂದರಲ್ಲಿ ಬೆರೆತು ತಪ್ಪು ಹಿಡಿಯುವ ತಂತಿ ಬೊಬ್ಬೆಯಿಡುವುದು, ಇಲ್ಲವೆ ಯಂತ್ರ ಮೂಕವಾಗುವುದು. ಇದು ವಾಸ್ತವವಾಗಿ ಕಡಮೆ ಅಪಾಯ. ಎದ್ದು ಕಾಣುವ ತಪ್ಪನ್ನು ತಿದ್ದಬಹುದು. ಏಳು ಡಿಸ್ಕು ಕೊಟ್ಟು ನಗುತ್ತ ನಿಲ್ಲುವ ತಪ್ಪನ್ನು ತಿದ್ದುವುದು ಕಷ್ಟ.

ಸಂಖ್ಯೆಯನ್ನು ಕೊಡುವ ಕೊಂಡಿಗಳ ವಿಷಯ ಹೇಳುವೆವೆಂದೆವಲ್ಲವೆ? ಡಿಸ್ಕಿನ ಹಿಂದೆ ಮೂರು ಜೊತೆ ಸೂಜಿಗಳು. ಅವುಗಳ ಬೆಲೆ 4, 2, 1. ಯಾವ ಜೊತೆಗೆ ಜಂಪರ್ ಎಂಬ ಕೊಂಡಿಯನ್ನು ತೊಡಿಸಿದೆಯೋ ಅವುಗಳ ಬೆಲೆಯನ್ನು ಕೂಡಿಸಿದರೆ ಸಂಖ್ಯೆ. ಒಂದೂ ಇಲ್ಲದಿದ್ದರೆ 0. ಮೊದಲನೆಯದೂ ಕಡೆಯದೂ ಇದ್ದರೆ 5. ಮೂರೂ ಇದ್ದರೆ 7. ನಗರದ ಎಸ್. ಪಿ. ರಸ್ತೆಯ ಹಳೆಯ ಗಣಕ ಸಾಮಗ್ರಿಯ ಅಂಗಡಿಗಳಲ್ಲಿ ಇಂತಹ ಡಿಸ್ಕು ಕೈಗೆ ಸಿಕ್ಕರೆ ವಿದ್ಯಾರ್ಥಿಗಳು ತಿರುಗಿಸಿ ನೋಡಬಹುದು. ಆದರೆ ಎಚ್ಚರ: ಕೆಲವು ತಯಾರಕರು ಬೆಲೆಯನ್ನು ಎಡದಿಂದ ಬರೆದರೆ ಕೆಲವರು ಬಲದಿಂದ. ದಿಕ್ಕು ತಪ್ಪಿದರೆ 1 ಎಂದು ಇಟ್ಟುದು 4 ಆಗುವುದು, 3 ಎಂದು ಇಟ್ಟುದು 6 ಆಗುವುದು. 0, 2, 5, 7 ಮಾತ್ರ ಹೇಗೆ ಓದಿದರೂ ಅವೇ. ತಯಾರಕರ ಕಾಗದ ಸಿಗದಿದ್ದಾಗ ನಾವು 2 ಅಥವಾ 5ನ್ನೇ ಆರಿಸಿಕೊಳ್ಳುತ್ತಿದ್ದುದಕ್ಕೆ ಇದೇ ಕಾರಣ. ಬುದ್ಧಿವಂತಿಕೆಯೆಂದು ಕೆಲವರು ಭಾವಿಸಿದ್ದರು.

ಹಾಗಾದರೆ ಯಾರಿಗೆ ಯಾವ ಸಂಖ್ಯೆ? ಸಂಖ್ಯೆಯೇ ಅಂತಸ್ತಾದುದರಿಂದ ಅತಿ ವೇಗದ ಡಿಸ್ಕಿಗೆ ದೊಡ್ಡ ಸಂಖ್ಯೆ ಕೊಡಬೇಕೆಂದು ತೋರುವುದು ಸಹಜ. ಅನುಭವಸ್ಥರ ಅಭಿಪ್ರಾಯ ಇದಕ್ಕೆ ವಿರುದ್ಧ. ಡಿಸ್ಕಿಗೆ ತಂತಿ ಸಿಗುವುದು ತಡವಾದರೆ ಅದು ಕಾಯಬಲ್ಲುದು; ಅದರ ತಟ್ಟೆ ಹೇಗೂ ತಿರುಗುತ್ತಲೇ ಇರುವುದು. ಟೇಪು ಹಾಗಲ್ಲ. ಬರೆಯಲು ದತ್ತಾಂಶ ಹೊತ್ತಿಗೆ ಬಾರದಿದ್ದರೆ ಓಡುತ್ತಿರುವ ಟೇಪು ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಓಟ ಹಿಡಿಯಬೇಕು. ಹೀಗೆ ಹಿಂದೆ ಮುಂದೆ ಉಜ್ಜಾಡಿ ಸವೆಯುವುದು. ಆದುದರಿಂದ ನಿಧಾನದವನಿಗೂ ಕಾಯಲಾರದವನಿಗೂ ಮೇಲಿನ ಸ್ಥಾನ, ಚುರುಕಾದವನಿಗೆ ಕೆಳಗಿನದು. ಸನ್ ಯಂತ್ರಗಳಲ್ಲಿ ಒಳಗಿನ ಮೊದಲ ಡಿಸ್ಕಿಗೆ 3, ಟೇಪಿಗೆ 4, ಸಿಡಿ ಓದುವ ಸಾಧನಕ್ಕೆ 6 ಎಂಬುದು ರೂಢಿಯಾಗಿದ್ದಿತು. ಆಪಲ್ ಯಂತ್ರದಲ್ಲಿ ಒಳಗಿನ ಡಿಸ್ಕು 0. ಸಿಲಿಕಾನ್ ಗ್ರಾಫಿಕ್ಸ್‌ನವರು ಅಡಾಪ್ಟರಿಗೇ 0 ಕೊಟ್ಟು ಮೊದಲ ಡಿಸ್ಕಿಗೆ 1 ಕೊಟ್ಟರು. ಯಜಮಾನನು ಪಂಕ್ತಿಯ ಕೊನೆಯಲ್ಲಿ ಕುಳಿತಂತೆ. ಅದೂ ನಡೆಯಿತು. ಒಂದು ಕಂಪನಿಯ ರೂಢಿಯನ್ನು ಇನ್ನೊಂದರ ಯಂತ್ರಕ್ಕೆ ಒಯ್ದವರು ಮಾತ್ರ ಒದ್ದಾಡಿದರು.

ಸನ್ ಯಂತ್ರದಲ್ಲಿ ಇನ್ನೊಂದು ವಿಚಿತ್ರವಿದ್ದಿತು. ಹಳೆಯ ಸನ್ಓಎಸ್ ವ್ಯವಸ್ಥೆಯಲ್ಲಿ 3ನೆಯ ಸಂಖ್ಯೆಯ ಡಿಸ್ಕಿನ ಹೆಸರು ‘ಎಸ್‌ಡಿ0’. 0ಯ ಸಂಖ್ಯೆಯ ಡಿಸ್ಕಿನ ಹೆಸರು ‘ಎಸ್‌ಡಿ3’! ಮೊದಲ ಡಿಸ್ಕಿನ ಹೆಸರಿನಲ್ಲಿ ಸೊನ್ನೆಯಿರಬೇಕು, ಅದರ ಸಂಖ್ಯೆ ಮಾತ್ರ 3 ಇರಬೇಕು ಎಂಬ ಎರಡು ಆಸೆಗಳ ಫಲ ಇದು. ಬೆಂಗಳೂರಿನ ಮನೆಗಳ ಮೇಲೆ ‘ಹಳೆಯ ನಂಬರು’, ‘ಹೊಸ ನಂಬರು’ ಎಂದು ಎರಡನ್ನೂ ಬರೆದಿರುವುದನ್ನು ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ತೊಂದರೆ ಇನ್ನೊಂದು ಬಗೆಯದು. ಅದು ಡಿಸ್ಕುಗಳನ್ನು ಕಂಡ ಕ್ರಮದಲ್ಲಿ ‘ಎಸ್‌ಡಿಎ’, ‘ಎಸ್‌ಡಿಬಿ’ ಎಂದು ಹೆಸರಿಸುವುದು. 2 ಮತ್ತು 5ನೆಯ ಸಂಖ್ಯೆಯ ಡಿಸ್ಕುಗಳು ಎ, ಬಿ ಎಂದಿದ್ದಾಗ 0ಯ ಸಂಖ್ಯೆಯ ಹೊಸ ಡಿಸ್ಕು ಬಂದು ಸೇರಿದರೆ, ಅದು ‘ಎ’ ಆಗಿ ಹಳೆಯವೆರಡೂ ಒಂದೊಂದು ಮೆಟ್ಟಿಲು ಇಳಿಯುವುವು. ನಿನ್ನೆಯವರೆಗೆ ‘ಬಿ’ಯನ್ನು ಒರೆಸು ಎಂಬ ಆಜ್ಞೆ ಒಂದು ಡಿಸ್ಕನ್ನು ಒರೆಸುತ್ತಿದ್ದರೆ ಇಂದು ಇನ್ನೊಂದನ್ನು ಒರೆಸುವುದು. ಈ ಬಗೆಯಲ್ಲಿ ಹಾಳಾದ ಲೆಕ್ಕಪತ್ರ ಲೋಕದಲ್ಲಿ ಕಡಮೆಯಲ್ಲ.

ಬರಬರುತ್ತ ಎಂಟು ಸಂಖ್ಯೆಗಳು ಸಾಲದಾದುವು. ದತ್ತಾಂಶ ತಂತಿಗಳನ್ನು ಹದಿನಾರು ಮಾಡಿ ಹದಿನಾರು ಸಾಧನಗಳಿಗೆ ಎಡೆಕೊಟ್ಟರು. ಹಾಗೆಂದು 15ನೆಯವನು ಎಲ್ಲರಿಗಿಂತ ಮೇಲಾದನೆ? ಇಲ್ಲ. 7ರಿಂದ 0ಯವರೆಗೆ ಹಳೆಯ ಸರದಿಯೇ ಮೊದಲು. 15ರಿಂದ 8ರವರೆಗೆ ಅದರ ಬಳಿಕ. 8ನೆಯವನು ಎಲ್ಲರಿಗಿಂತ ಕೆಳಗೆ. ಎಂಟೇ ತಂತಿಗಳುಳ್ಳ ಹಳೆಯ ಸಾಧನಕ್ಕೆ ಮೇಲಿನ ಎಂಟು ತಂತಿಗಳು ಕಾಣುವುದೇ ಇಲ್ಲ. ಕಾಣದವರಿಗೆ ಅದು ದಾರಿಬಿಡುವುದು ಹೇಗೆ? ಆದುದರಿಂದ ಹೊಸಬರೇ ದಾರಿಬಿಡಬೇಕಾಯಿತು. ಮುಂದೆ ಕೊಂಡಿಗಳೂ ಹೋದುವು. ಸಾಲಾಗಿ ಡಿಸ್ಕುಗಳನ್ನು ಸೇರಿಸುವ ಪೆಟ್ಟಿಗೆಗಳಲ್ಲಿ ಗೂಡೇ ಸಂಖ್ಯೆಯನ್ನು ಕೊಡತೊಡಗಿತು: ನಾಲ್ಕನೆಯ ಗೂಡಿನಲ್ಲಿ ಯಾರು ಕುಳಿತರೂ ಅವನಿಗೆ ಆ ಗೂಡಿನ ಸಂಖ್ಯೆ.

ಈಗ ಮೇಜಿನ ಗಣಕದಲ್ಲಿ ಸ್ಕಸಿಯ ಪಟ್ಟಿತಂತಿ ಇಲ್ಲ. ಸಾಟಾ ಎಂಬ ಕ್ರಮದಲ್ಲಿ ಪ್ರತಿ ಡಿಸ್ಕಿಗೂ ಅದರದೇ ತಂತಿ. ಸಾಮಾನ್ಯ ಹಗ್ಗವಿಲ್ಲ, ಆದುದರಿಂದ ಚುನಾವಣೆಯಿಲ್ಲ, ಅಂತಸ್ತಿಲ್ಲ. ಆದರೆ ಗುರುತು ಬೇಡವೆನ್ನಲಾಗದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ ಪರಮ್ ಪ್ರವೇಗವೆಂಬ ಮಹಾಗಣಕವನ್ನು ಸ್ಥಾಪಿಸಿದರು. ಅಂತಹ ಯಂತ್ರಗಳ ಸಂಗ್ರಹಾಗಾರಗಳಲ್ಲಿ ಮೂರು ಜೊತೆ ಸೂಜಿಗಳಿಂದ ಎಣಿಸಿ ಮುಗಿಯುವಷ್ಟು ಡಿಸ್ಕುಗಳಿರುವುದಿಲ್ಲ. ಅಲ್ಲಿಗೆ ಬೇಕಾದುದು ಎಲ್ಲಿಗೆ ಒಯ್ದರೂ ಬದಲಾಗದ ಹೆಸರು. ಸ್ಕಸಿಯ ವಂಶದವೇ ಆದ ಇಂದಿನ ಸಾಸ್ ಡಿಸ್ಕುಗಳಿಗೆ ಕಾರ್ಖಾನೆಯಲ್ಲಿಯೇ 64 ಬಿಟ್ಟುಗಳ ಹೆಸರನ್ನು ಅಚ್ಚೊತ್ತುವರು. ಮೊದಲ 4 ಬಿಟ್ಟುಗಳು ಇದು ಯಾವ ಜಾತಿಯ ಹೆಸರೆಂಬುದನ್ನೂ, ಮುಂದಿನ 24 ಬಿಟ್ಟುಗಳು ತಯಾರಕನಾರೆಂಬುದನ್ನೂ ಹೇಳುವುವು. ಮಿಕ್ಕ 36 ಬಿಟ್ಟುಗಳು ತಯಾರಕನ ಕೈಯಲ್ಲಿ. ಅವುಗಳಿಂದ ಅವನು 6,871 ಕೋಟಿಗೂ ಮಿಕ್ಕ ಡಿಸ್ಕುಗಳಿಗೆ ಬೇರೆ ಬೇರೆ ಹೆಸರಿಡಬಲ್ಲನು.

ಇದರ ಮೇಲೆ, ಡಿಸ್ಕಿನಲ್ಲಿ ಕಡತಗಳಿಗೆ ಜಾಗ ಸಿದ್ಧಮಾಡುವಾಗ ವ್ಯವಸ್ಥೆಯು ತಾನೂ 128 ಬಿಟ್ಟುಗಳ ಒಂದು ಸಂಖ್ಯೆಯನ್ನು ಕಲ್ಪಿಸಿ ಡಿಸ್ಕಿನ ಮೇಲೆಯೇ ಬರೆಯುವುದು. ಇದಕ್ಕೆ ಯುಯುಐಡಿ ಎಂದು ಹೆಸರು. ಎರಡು ಡಿಸ್ಕುಗಳಿಗೆ ಆಕಸ್ಮಿಕವಾಗಿ ಒಂದೇ ಯುಯುಐಡಿ ಬೀಳುವುದು ಅಸಂಭವವೆಂದೇ ಹೇಳಬೇಕು. ಆಕಸ್ಮಿಕವಲ್ಲದೆ ಬೀಳುವುದು ಮಾತ್ರ ಬಹು ಸುಲಭ. ಒಂದು ಡಿಸ್ಕಿನ ಸಮಗ್ರ ಪ್ರತಿಯನ್ನು ಇನ್ನೊಂದಕ್ಕೆ ತೆಗೆದರೆ ಆ ಸಂಖ್ಯೆಯೂ ಪ್ರತಿಯಾಗುವುದು. ಎರಡನ್ನೂ ಒಂದೇ ಯಂತ್ರದಲ್ಲಿ ಬಿಟ್ಟರೆ ಯಾವುದು ತನ್ನದೆಂದು ಯಂತ್ರಕ್ಕೆ ತಿಳಿಯದು. ಆರ್. ಟಿ. ನಗರದಲ್ಲಿ ಒಂದು ಡಿಸ್ಕಿಗೆ ಏಳು ಹೆಸರಾದರೆ ಇಲ್ಲಿ ಎರಡು ಡಿಸ್ಕಿಗೆ ಒಂದೇ ಹೆಸರು.

ಲಿನಕ್ಸ್ ಇರುವ ಗಣಕ ಕಾಲೇಜಿನಲ್ಲೋ ಮನೆಯಲ್ಲೋ ದೊರೆತರೆ ವಾಚಕರು ಈ ಭೇದವನ್ನು ತಾವೇ ನೋಡಬಹುದು. ‘ಡೆವ್’ ಎಂಬ ಕಡತಕೋಶದೊಳಗೆ ‘ಡಿಸ್ಕ್’ ಎಂಬುದಿದೆ. ಅದರೊಳಗಿನ ‘ಬೈ-ಪಾಥ್’ ಎಂಬ ಪಟ್ಟಿ ಡಿಸ್ಕು ಯಾವ ತಂತಿಯ ಯಾವ ತುದಿಯಲ್ಲಿದೆಯೆಂದು ಹೇಳುವುದು. ‘ಬೈ-ಐಡಿ’ ಕಾರ್ಖಾನೆಯ ಹೆಸರನ್ನು ಹೇಳುವುದು. ‘ಬೈ-ಯುಯುಐಡಿ’ ಡಿಸ್ಕಿನೊಳಗೆ ಬರೆದ ಹೆಸರನ್ನು ಹೇಳುವುದು. ಡಿಸ್ಕನ್ನು ಒಂದು ತಂತಿಯಿಂದ ಬಿಡಿಸಿ ಇನ್ನೊಂದಕ್ಕೆ ಸಿಕ್ಕಿಸಿದರೆ (ವಿದ್ಯುತ್ತನ್ನು ಆರಿಸಿದ ಬಳಿಕ!) ಮೊದಲನೆಯದು ಬದಲಾಗುವುದು, ಉಳಿದೆರಡು ಬದಲಾಗವು. ಡಿಸ್ಕನ್ನು ಒರೆಸಿ ಹೊಸದಾಗಿ ಸಿದ್ಧಮಾಡಿದರೆ ಮೂರನೆಯದು ಮಾತ್ರ ಬದಲಾಗುವುದು. ಈ ಪರೀಕ್ಷೆಯನ್ನು ಬರಿದಾದ ಡಿಸ್ಕಿನ ಮೇಲೆ ಮಾತ್ರ ಮಾಡತಕ್ಕದ್ದು.

ಆ ಕಾರ್ಯಾಲಯದ ಮಳೆಯ ಲೆಕ್ಕ ಏನಾಯಿತೆಂದು ಕೇಳುವವರಿಗೆ ಇಷ್ಟು ಹೇಳಬೇಕು. ಮರುದಿನ ಬೆಳಗ್ಗೆ ಡಿಸ್ಕಿನ ಹಿಂದಿನ ಮೂರು ಕೊಂಡಿಗಳಲ್ಲಿ ಎರಡನ್ನು ತೆಗೆದೆವು; ಏಳು ಡಿಸ್ಕುಗಳು ಹೋಗಿ ಒಂದು ಉಳಿಯಿತು, ಸಂಖ್ಯೆ 2. ಪುಣ್ಯವಶಾತ್ ಟೇಪುಗಳನ್ನು ಯಾರೂ ಅಳಿಸಿರಲಿಲ್ಲ. ಅವನ್ನು ಮತ್ತೆ ಓದಿಸಿದೆವು. ಎರಡು ಟೇಪುಗಳು ಪೂರ್ತಿಯಾಗಿ ಬಂದುವು. ಮೂರನೆಯದು, ಹಿಂದಿನ ರಾತ್ರಿ ಸರಿಯಾಗಿ ಓದಿಸಿಕೊಂಡಿದ್ದುದು, ಈ ಸಲ ನಡುವೆ ಸುಕ್ಕಿ ನಿಂತಿತು. ಅದರಲ್ಲಿದ್ದ ಕೆಲವು ತಿಂಗಳ ಅಂಕಿಗಳನ್ನು ಇಬ್ಬರು ಕುಳಿತು, ಊರೂರಿನ ರಿಜಿಸ್ಟರುಗಳನ್ನು ತರಿಸಿ, ಒಬ್ಬರು ಓದಲು ಇನ್ನೊಬ್ಬರು ಒತ್ತುತ್ತ, ಆರು ವಾರ ದುಡಿದು ಮತ್ತೆ ಸೇರಿಸಿದರು. ಒಂದು ಊರಿನ ರಿಜಿಸ್ಟರು ಗೆದ್ದಲಿಗೆ ಆಹಾರವಾಗಿದ್ದುದರಿಂದ ಆ ವರ್ಷದ ಶ್ರಾವಣದ ಮಳೆ ಆ ಊರಿನ ಪಟ್ಟಿಯಲ್ಲಿ ಇಂದಿಗೂ ಖಾಲಿಯಿದೆ.